ಮೀನು ಬೇಕು, ವಾಸನೆ ಬೇಡ!

ಅರ್ಜೆಂಟೀನಾದ ಕಡಲತೀರದ ಊರು ಮಾರ್ ದೆಲ್ ಪ್ಲಾತಾದಲ್ಲಿ ಊಟಕ್ಕೆ ಎಲ್ಲಿಗೆ ಹೋಗಬೇಕು ಎಂದು ಕೇಳಿ ನೋಡಿ. ಪ್ರವಾಸದ ಪುಸ್ತಕ ಬರೆಯುವವರದೂ ಹೋಗಿ ಬಂದವರದೂ ಸಾಮಾನ್ಯವಾಗಿ ಒಂದೇ ಉತ್ತರ: ಕಿಟಕಿಯಿಂದ ಸಮುದ್ರ ಕಾಣುವ ಜಾಗಕ್ಕೆ. ಈ ಉಪದೇಶದ ಮೇಲೆ ನನಗೆ ತಕರಾರಿದೆ. ಉಣ್ಣುವುದು ಕಣ್ಣೋ, ಬಾಯೋ?

ಬ್ಯೂನಸ್ ಐರಿಸ್‌ನಿಂದ ಸುಮಾರು 400 ಕಿ.ಮೀ. ದಕ್ಷಿಣಕ್ಕಿರುವ ಈ ಊರು ಸ್ಥಾಪನೆಯಾದದ್ದು 1874ರಲ್ಲಿ. 1886ರಲ್ಲಿ ರೈಲು ಬಂತು, 1888ರಲ್ಲಿ ಬ್ರಿಸ್ಟಲ್ ಹೋಟೆಲು ತೆರೆಯಿತು. ಆಗ ಅದು ರಾಜಧಾನಿಯ ಸಿರಿವಂತ ಮನೆತನಗಳ ಬೇಸಿಗೆಯ ಬಿಡಾರ. ಸಮುದ್ರ ನೋಡುತ್ತ ಉಣ್ಣುವ ಠೀವಿ ಅವರದು. 1945ರಲ್ಲಿ ದುಡಿಯುವವರಿಗೆ ಸಂಬಳಸಹಿತ ರಜೆಯ ಹಕ್ಕು ಬಂತು. ಕಾರ್ಮಿಕ ಸಂಘಗಳು ಅಲ್ಲಿ ತಮ್ಮದೇ ಹೋಟೆಲುಗಳನ್ನು ಮಾಡಿಕೊಂಡವು. ಗುಮಾಸ್ತರು, ಕಾರ್ಖಾನೆ ಕೆಲಸದವರು ಮಕ್ಕಳನ್ನು ಕರೆದುಕೊಂಡು ಬಂದರು. ಊರು ಬದಲಾಯಿತು. ಊಟದ ಜಾಗಗಳ ಪಟ್ಟಿ ಬರೆಯುವವರು ಮಾತ್ರ ಇನ್ನೂ 1888ರಲ್ಲೇ ಇದ್ದಾರೆ!

ನಾನು ಹೇಳುವುದು ಇಷ್ಟೆ: ಬಂದರಿಗೆ ಹೋಗಿ. ಹಳದಿ ಬಣ್ಣದ ಸಣ್ಣ ದೋಣಿಗಳು ನಿಲ್ಲುವ ದಕ್ಕೆಯ ಹತ್ತಿರವೇ ಮೀನಿನ ಹೋಟೆಲುಗಳ ಸಾಲಿದೆ. ಬೊಂಡಾಸನ್ನು ಬಳೆಯಂತೆ ಕೊಯ್ದು ಹಿಟ್ಟಿನಲ್ಲಿ ಹೊರಳಿಸಿ ಕರಿದ ರಾಬಾಸ್, ಬೆರಳುದ್ದದ ಮೀನನ್ನು ಇಡಿಯಾಗಿ ಕರಿದ ಕೊರ್ನಲಿತೋಸ್, ಮೆರ್ಲೂಸಾ ಎಂಬ ಬಿಳಿ ಮೀನು, ಜೊತೆಗೆ ನಿಂಬೆಹೋಳು. ಇಟಲಿಯಿಂದ ವಲಸೆ ಬಂದ ಬೆಸ್ತರ ಮನೆತನಗಳು ಕಟ್ಟಿದ ಬಂದರು ಬದುಕಿನ ರುಚಿ ಇದು.

"ಅಯ್ಯೋ, ಅಲ್ಲಿ ವಾಸನೆ!" ಎನ್ನುವವರಿದ್ದಾರೆ. ಮೀನು ಬೇಕಂತೆ, ಮೀನಿನ ವಾಸನೆ ಬೇಡವಂತೆ. ಮಗು ಬೇಕು, ಅದರ ಅಳು ಬೇಡ ಎಂದ ಹಾಗಾಯಿತು. ಅಲ್ಲಿಯೂ ಪ್ರವಾಸಿಗರದೇ ಗದ್ದಲ ಎಂಬ ಆಕ್ಷೇಪ ನಿಜ, ಒಪ್ಪುತ್ತೇನೆ. ಆದರೆ ಆ ಗದ್ದಲದ ಪಕ್ಕದಲ್ಲೇ ಬಲೆ ಇದೆ, ದೋಣಿ ಇದೆ, ಎಸೆದ ಮೀನಿಗೆ ಕಾದ ಕಡಲಸಿಂಹಗಳಿವೆ. ಇನ್ನು ಮಾಂಸ ಮೀನು ಮುಟ್ಟದವರು "ಅಲ್ಲಿ ನಮಗೇನೂ ಸಿಗದು" ಎಂದು ಕೊರಗಬೇಕಿಲ್ಲ. ಈರುಳ್ಳಿ ಹರಡಿದ ಪಿಜ್ಜಾ ಉಂಟು. ಕಡಲೆಹಿಟ್ಟಿನ ಫಾಯ್ನಾ ಉಂಟು, ನಮ್ಮ ಕಡಲೆಹಿಟ್ಟಿನ ದೋಸೆಯ ದಪ್ಪ ತಂಗಿ ಎನ್ನಿ.

ವಾಸನೆಗೆ ಮೂಗು ಮುಚ್ಚುವವರಿಗೆ ಇನ್ನೊಂದು ಸಂಗತಿಯೂ ಕಾಣುವುದಿಲ್ಲ. ಆ ಮೆರ್ಲೂಸಾದ ಮುಳ್ಳು ಬಿಡಿಸುವ ಮೀನು ಕಾರ್ಖಾನೆಗಳಲ್ಲಿ ಸಾವಿರಾರು ಹೆಂಗಸರು ದುಡಿದಿದ್ದಾರೆ. 1990ರ ದಶಕದಲ್ಲಿ ಹೆಸರಿಗಷ್ಟೇ ಸಹಕಾರ ಸಂಘಗಳಾದ ವ್ಯವಸ್ಥೆಗಳು ಅವರಲ್ಲಿ ಅನೇಕರ ಕಾಯಂ ನೌಕರಿಯನ್ನು ನುಂಗಿದವು. ಅದೇ ದಶಕದಲ್ಲಿ ದೊಡ್ಡ ಹಡಗುಗಳು ಮೆರ್ಲೂಸಾವನ್ನು ಮಿತಿಮೀರಿ ಬಾಚಿದವು. 1999ರಲ್ಲಿ ಅದರ ಮೀನುಗಾರಿಕೆಗೆ ತುರ್ತುಸ್ಥಿತಿಯ ಕಾನೂನನ್ನೇ ತರಬೇಕಾಯಿತು. ಕಿಟಕಿಯಲ್ಲಿ ಕಾಣುವ ನೀಲಿ ನೀರು ಇದನ್ನೆಲ್ಲ ಹೇಳೀತೆ?

ಸಮುದ್ರ ನೋಡಬೇಕೇ? ಬ್ರಿಸ್ಟಲ್ ತೀರದ ಮರಳ ಮೇಲೆ ಕುಳಿತು ನೋಡಿ, ಅದಕ್ಕೆ ಯಾರೂ ಬಿಲ್ಲು ಕೊಡುವುದಿಲ್ಲ. ಉಣ್ಣಲು ಮಾತ್ರ, ತಟ್ಟೆಯಲ್ಲಿರುವುದು ಯಾರ ದುಡಿಮೆ ಎಂದು ಗೊತ್ತಾಗುವಷ್ಟು ಹತ್ತಿರ ಹೋಗಿ ಕುಳಿತುಕೊಳ್ಳಿ.