ಮುದಿ ನಾಯಿ ಸತ್ತರೆ ನೆರೆಮನೆಯ ಮೇಲೇಕೆ ಸಂಶಯ?

ಕಾಸರಗೋಡಿನ ತೋಟದ ಮನೆಗಳಲ್ಲಿ ಊರ ನಾಯಿಗಳ ಜತೆ ಜರ್ಮನ್ ಶೆಫರ್ಡ್, ಡಾಬರ್‌ಮನ್, ಲ್ಯಾಬ್ರಡಾರ್‌ನಂತಹ ಜಾತಿ ನಾಯಿಗಳೂ ಕಾಣಸಿಗುತ್ತವೆ. ಎಂಟು-ಹತ್ತು ವರ್ಷ ಮನೆ ಕಾಯ್ದ ನಾಯಿ ರಾತ್ರಿ ಅನ್ನ ತಿಂದು, ಬೆಳಗ್ಗೆ ಗೂಡಿನಲ್ಲಿ ಸತ್ತು ಬಿದ್ದಿದ್ದರೆ ಮನೆಯವರ ಬಾಯಿಂದ ಬರುವ ಮೊದಲ ಮಾತು ‘ಯಾರೋ ವಿಷ ಹಾಕಿದ್ರು.’ ಗಡಿ ತಕರಾರಿನ ನೆರೆಮನೆಯವರ ಹೆಸರೂ ಜತೆಗೇ ಬರುತ್ತದೆ. ಮಧ್ಯಾಹ್ನದೊಳಗೆ ಗುಂಡಿ ತೋಡಿ ನಾಯಿಯನ್ನು ಹೂಳಲಾಗುತ್ತದೆ. ಸಾಕ್ಷ್ಯ ಮಣ್ಣುಪಾಲಾಗಿ ಸಂಶಯ ಮಾತ್ರ ಉಳಿಯುತ್ತದೆ.

ವಿಷ ಹಾಕುವವರೇ ಇಲ್ಲ ಎಂದಲ್ಲ. ಆದರೆ ಜಾತಿ ಶುದ್ಧವಾಗಿರಲೆಂದು ಸೀಮಿತ ವಂಶದೊಳಗೇ ಮರಿ ಮಾಡಿಸುವುದರಿಂದ ಕೆಲವು ಕಾಯಿಲೆಗಳೂ ವಂಶದಲ್ಲೇ ಇಳಿದು ಬರುತ್ತವೆ. ಪ್ರಾಯವಾದ ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್‌ಗಳಿಗೆ ಗುಲ್ಮದಲ್ಲಿ ರಕ್ತನಾಳದ ಕ್ಯಾನ್ಸರ್ ಗಡ್ಡೆ ಬೆಳೆಯುವುದುಂಟು. ಹೊರಗೆ ಏನೂ ಗೊತ್ತಾಗುವುದಿಲ್ಲ. ಗಡ್ಡೆ ಒಡೆದರೆ ರಕ್ತ ಹೊಟ್ಟೆಯೊಳಗೇ ಸುರಿದು, ಒಸಡು ಬಿಳಿಚಿ, ಕೆಲವೇ ಗಂಟೆಗಳಲ್ಲಿ ನಾಯಿ ಸಾಯಬಹುದು. ಡಾಬರ್‌ಮನ್‌ಗಳಲ್ಲಿ ಹೃದಯದ ಸ್ನಾಯು ಸೋತು ಹೃದಯ ಹಿಗ್ಗುವ ಕಾಯಿಲೆ ಹೆಚ್ಚು. ಕೆಲವಕ್ಕೆ ಸಾವೇ ಮೊದಲ ಲಕ್ಷಣ. ಸಂತಾನಹರಣ ಮಾಡಿಸದ ಮುದಿ ಹೆಣ್ಣುನಾಯಿಗಳಿಗಂತೂ, ಯಾವ ಜಾತಿಯೇ ಇರಲಿ, ಗರ್ಭಕೋಶದಲ್ಲಿ ಕೀವು ತುಂಬುವ ಅಪಾಯವಿದೆ.

ಒಡೆದ ಗುಲ್ಮ, ಹೊಟ್ಟೆ ತುಂಬ ರಕ್ತ, ಕೀವು ತುಂಬಿದ ಗರ್ಭಕೋಶ ಇವೆಲ್ಲ ಮರಣೋತ್ತರ ಪರೀಕ್ಷೆಯಲ್ಲಿ ಬರಿಗಣ್ಣಿಗೇ ಕಾಣುತ್ತವೆ. ವಿಷದ ಸಂಶಯವಿದ್ದರೆ ಹೊಟ್ಟೆಯಲ್ಲಿದ್ದ ಆಹಾರ, ಯಕೃತ್ತು, ಮೂತ್ರಪಿಂಡದ ಮಾದರಿಗಳನ್ನು ರಾಸಾಯನಿಕ ಪರೀಕ್ಷೆಗೆ ಕಳುಹಿಸಬಹುದು. ‘ಸತ್ತ ನಾಯಿಗೆ ಎಂಥ ಪೋಸ್ಟ್‌ಮಾರ್ಟಂ?’ ಎಂದು ನಗುವವರು ಒಂದು ವಿಷಯ ತಿಳಿಯಬೇಕು. 2024ರ ಜುಲೈಯಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಪ್ರಕಾರ ಪ್ರಾಣಿಗೆ ವಿಷವಿಕ್ಕಿದವರಿಗೆ ಐದು ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದು. ಇಷ್ಟು ದೊಡ್ಡ ಆರೋಪವನ್ನು ಬರೀ ಊಹೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ನಿಜಕ್ಕೂ ವಿಷ ಹಾಕಿದವರು ತಪ್ಪಿಸಿಕೊಳ್ಳುವುದೂ ಸರಿಯಲ್ಲ.

ನಮ್ಮ ಸೆಕೆಗೆ ದೇಹ ಬೇಗ ಕೊಳೆಯುತ್ತದೆ. ಆದ್ದರಿಂದ ತಡಮಾಡದೆ ಮೃಗಾಸ್ಪತ್ರೆಗೆ ತಿಳಿಸಬೇಕು. ಅಲ್ಲಿಯವರೆಗೆ ಸುತ್ತ ಐಸ್ ಇಟ್ಟು ತಂಪಾಗಿಡಬಹುದು. ಫ್ರೀಜರ್‌ನಲ್ಲಿಟ್ಟು ಗಟ್ಟಿ ಮಾಡಬಾರದು. ಸಾಯುವ ಮೊದಲು ನಾಯಿ ವಿಚಿತ್ರವಾಗಿ ವರ್ತಿಸಿದ್ದರೆ, ಜೊಲ್ಲು ಸುರಿಸಿದ್ದರೆ ಅಥವಾ ಯಾರನ್ನಾದರೂ ಕಚ್ಚಿದ್ದರೆ ಹುಚ್ಚುನಾಯಿ ರೋಗವೂ ಇರಬಹುದು. ಆಗ ದೇಹವನ್ನು ಬರಿಗೈಯಲ್ಲಿ ಮುಟ್ಟದೆ ವೈದ್ಯರಿಗೆ ಮೊದಲೇ ಹೇಳಬೇಕು. ಕಚ್ಚಿಸಿಕೊಂಡವರು ವರದಿಗೆ ಕಾಯದೆ ಕೂಡಲೇ ಲಸಿಕೆ ಹಾಕಿಸಿಕೊಳ್ಳಬೇಕು.

ಬದುಕಿರುವಾಗಿನ ಆರೈಕೆ ಇನ್ನೂ ಮುಖ್ಯ. ಏಳು ವರ್ಷ ದಾಟಿದ ಜಾತಿ ನಾಯಿಯನ್ನು ಆರು ತಿಂಗಳಿಗೊಮ್ಮೆ ವೈದ್ಯರಿಗೆ ತೋರಿಸಬೇಕು. ಸುಸ್ತು, ಕೆಮ್ಮು, ಹೊಟ್ಟೆ ಉಬ್ಬರ, ಬಿಳಿಚಿದ ಒಸಡು ಕಂಡರೆ ‘ಪ್ರಾಯ ಆಯ್ತಲ್ಲ’ ಎಂದು ಸುಮ್ಮನಿರಬಾರದು. ಸತ್ತ ನಾಯಿ ತಿರುಗಿ ಬಾರದು. ಆದರೆ ಅದರ ಹೆಸರಿನಲ್ಲಿ ಎರಡು ಮನೆಗಳ ನಡುವೆ ಮಾತು ನಿಲ್ಲುವುದನ್ನಾದರೂ ತಪ್ಪಿಸಬಹುದಲ್ಲವೇ?