27 ಅಂಕಗಳ ವೀರ

ಬೇಸಗೆ ರಜೆಯ ಒಂದು ಮಧ್ಯಾಹ್ನ. ಮಗ ಕಂಪ್ಯೂಟರಿನ ಮುಂದೆ ಕುಳಿತು ಗಂಟೆ ಕಳೆದಿದೆ, ಆಟ ಮಾತ್ರ ಇನ್ನೂ ಆರಂಭವಾಗಿಲ್ಲ. ಪರದೆಯ ಮೇಲೆ ಕತ್ತಿ ಹಿಡಿದ ಒಂದು ಆಕೃತಿ. ಅದರ ಪಕ್ಕದಲ್ಲಿ ಆರು ಸಾಲು, ಪ್ರತಿ ಸಾಲಿಗೂ ಒಂದು ಅಂಕೆ. ಹುಡುಗ ಒಂದನ್ನು ಏರಿಸುತ್ತಾನೆ, ಇನ್ನೊಂದನ್ನು ಇಳಿಸುತ್ತಾನೆ, ಗಲ್ಲಕ್ಕೆ ಕೈಯೂರಿ ಯೋಚಿಸುತ್ತಾನೆ. ಆಡುವುದಾದರೆ ಬೇಗ ಆಡಿ ಮುಗಿಸಬಾರದೇ ಎಂದು ಹೆತ್ತವರು ಗೊಣಗಿದರೆ ಆಶ್ಚರ್ಯವಿಲ್ಲ. ಆದರೆ ಈ ಬಗೆಯ ಆಟಗಳಲ್ಲಿ ಅರ್ಧ ಆಟ ನಡೆಯುವುದು ಅಲ್ಲಿಯೇ, ಪಾತ್ರ ಕಟ್ಟುವ ಆ ಪುಟದಲ್ಲಿ.

ಇದರ ಮೂಲ ಕಂಪ್ಯೂಟರ್ ಅಲ್ಲ. ಕಾಗದ, ಪೆನ್ಸಿಲ್ ಮತ್ತು ದಾಳ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಪ್ರಕಟಿಸಿದರು. ಕೆಲವರು ಮೇಜಿನ ಸುತ್ತ ಕುಳಿತು ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ರಾಕ್ಷಸರಿರುವ ಗುಹೆಗಳಲ್ಲಿ ಒಟ್ಟಾಗಿ ಸಾಗುವ ಕಲ್ಪನೆ. ಪ್ರತಿ ಪಾತ್ರಕ್ಕೂ ಬಲ, ಚುರುಕು, ದೇಹದಾರ್ಢ್ಯ, ಬುದ್ಧಿ, ವಿವೇಕ, ವರ್ಚಸ್ಸು ಎಂಬ ಆರು ಗುಣಗಳು. ಮೊದಲಿಗೆ ಈ ಗುಣಗಳನ್ನು ನಿರ್ಧರಿಸುತ್ತಿದ್ದುದು ಮೂರು ದಾಳಗಳು, ಬಿದ್ದಷ್ಟೇ ಭಾಗ್ಯ. ಮುಂದೆ ಬಂದ ಆವೃತ್ತಿಗಳಲ್ಲಿ ಅಂಕಗಳನ್ನು ಹಂಚಿ ಪಾತ್ರ ಕಟ್ಟುವ ಕ್ರಮವೂ ಸೇರಿತು. 2023ರಲ್ಲಿ ಬೆಲ್ಜಿಯಂನ ಲ್ಯಾರಿಯನ್ ಸಂಸ್ಥೆ ಹೊರತಂದ ‘ಬಾಲ್ಡರ್ಸ್ ಗೇಟ್ 3’ ಎಂಬ ಪ್ರಸಿದ್ಧ ವಿಡಿಯೊ ಆಟವೂ ಇದೇ ನಿಯಮಗಳ ಮೇಲೆ ನಿಂತಿದೆ. (ಅದು ಯುರೋಪಿನ ವರ್ಗೀಕರಣದಲ್ಲಿ 18 ವರ್ಷ ಮೀರಿದವರ ಆಟ. ಎಂಟನೆಯ ತರಗತಿಯವರ ಕೈಗೆ ಕೊಡುವ ಮುನ್ನ ಹೆತ್ತವರು ಒಮ್ಮೆ ನೋಡುವುದು ಒಳ್ಳೆಯದು.)

ಹಂಚಿಕೆಯ ಲೆಕ್ಕ ಹೀಗಿದೆ. ಆರೂ ಗುಣಗಳು 8ರಿಂದ ಆರಂಭ. ಆಟಗಾರನ ಕೈಯಲ್ಲಿ 27 ಅಂಕಗಳು. 13ರವರೆಗೆ ಒಂದೊಂದು ಮೆಟ್ಟಿಲಿಗೆ ಒಂದೊಂದು ಅಂಕ ಸಾಕು. ಆದರೆ 13ರಿಂದ 14ಕ್ಕೆ ಏರಲು ಎರಡು ಬೇಕು, 14ರಿಂದ 15ಕ್ಕೆ ಮತ್ತೆರಡು. ಹಾಗಾಗಿ ಒಂದು ಗುಣವನ್ನು 15ಕ್ಕೆ ಒಯ್ಯಲು ಒಂಬತ್ತು ಅಂಕ ತೆರಬೇಕು. ಮೂರು ಗುಣಗಳು 15ಕ್ಕೆ ಮುಟ್ಟಿದರೆ ಚೀಲ ಬರಿದು; ಉಳಿದ ಮೂರು ಗುಣಗಳು 8ರಲ್ಲೇ ಉಳಿಯುತ್ತವೆ. ಎಲ್ಲದರಲ್ಲೂ ಚೆನ್ನಾಗಿರಬೇಕೆಂದು ಆಸೆಪಟ್ಟವನಿಗೆ ಐದು 13, ಒಂದು 10 ಸಿಗಬಹುದು. ಅಂಥವನು ಯಾವುದರಲ್ಲೂ ಸೋಲುವುದಿಲ್ಲ, ಆದರೆ ಕಷ್ಟದ ಹೊತ್ತಿಗೆ ಯಾವುದರಲ್ಲೂ ಗೆಲ್ಲುವುದೂ ಇಲ್ಲ. ಒಂದೇ ಮಗುವಿಗೆ ಗಣಿತ, ಸಂಗೀತ, ಕರಾಟೆ, ಮೂರು ಭಾಷೆ, ಎಲ್ಲವೂ ಪೂರ್ಣಾಂಕ ಬರಲಿ ಎನ್ನುವ ಮನೆಗಳಿಗೆ ಈ ಲೆಕ್ಕ ಸ್ವಲ್ಪ ಇರುಸುಮುರುಸು ಉಂಟುಮಾಡೀತು.

ಹಾಗಾದರೆ 8ರಲ್ಲೇ ಉಳಿದ ಗುಣಗಳ ಗತಿಯೇನು? ಅದಕ್ಕೆ ಉತ್ತರವೇ ತಂಡ. ಬಲಶಾಲಿ ಮುಂದೆ ನಿಂತು ಪೆಟ್ಟು ತಾಳುತ್ತಾನೆ. ಅವನಿಗೆ ಓದು ಬರದಿದ್ದರೂ ನಡೆಯುತ್ತದೆ. ಮಾಂತ್ರಿಕ ಒಂದೇ ಏಟಿಗೆ ಉರುಳುವಷ್ಟು ದುರ್ಬಲ. ಆದರೆ ಹಿಂದೆ ನಿಂತು ಹತ್ತು ಮಂದಿಯನ್ನು ತಡೆಯಬಲ್ಲ. ಗಾಯ ಮಾಯಿಸುವವನೊಬ್ಬ, ಬೀಗ ತೆರೆದು ಸದ್ದಿಲ್ಲದೆ ಒಳನುಗ್ಗುವವನೊಬ್ಬ. ಯಕ್ಷಗಾನದ ಮೇಳ ಕಂಡವರಿಗೆ ಇದು ಹೊಸದಲ್ಲ. ರಾಜವೇಷ, ಬಣ್ಣದ ವೇಷ, ಸ್ತ್ರೀವೇಷ, ಹಾಸ್ಯ ಎಲ್ಲವೂ ಸೇರಿದರೆ ಪ್ರಸಂಗ. ಐವರು ಕಿರೀಟ ವೇಷದವರಷ್ಟೇ ಇದ್ದರೆ ರಾತ್ರಿ ಬೆಳಗಾಗುವುದಿಲ್ಲ.

ರಣತಂತ್ರವೂ ಇದರಿಂದಲೇ ಹುಟ್ಟುತ್ತದೆ. ಈ ಆಟಗಳಲ್ಲಿ ಗಾಯಗೊಂಡ ವೈರಿ ಗಾಯಗೊಳ್ಳದವನಷ್ಟೇ ಜೋರಾಗಿ ಹೊಡೆಯುತ್ತಾನೆ. ನಾಲ್ವರು ವೈರಿಗಳಿಗೆ ಅರ್ಧರ್ಧ ಪೆಟ್ಟು ಕೊಟ್ಟರೆ ಮುಂದಿನ ಸರದಿಯಲ್ಲಿ ನಾಲ್ಕು ಏಟು ಮರಳಿ ಬೀಳುತ್ತವೆ. ಎಲ್ಲರೂ ಸೇರಿ ಒಬ್ಬನನ್ನು ಉರುಳಿಸಿದರೆ ಮೂರೇ. ಬಯಲಿನಲ್ಲಿ ಕಾದಾಡುವ ಬದಲು ಬಾಗಿಲಿನ ಕಿರುದಾರಿಯಲ್ಲಿ ನಿಂತರೆ ಅವರ ಸಂಖ್ಯೆಗೆ ಬೆಲೆಯಿಲ್ಲ. ದೊಡ್ಡ ಮಂತ್ರವನ್ನು ಸಣ್ಣ ಜಗಳಕ್ಕೆ ಖರ್ಚು ಮಾಡಬಾರದು. ಹತ್ತು ವರ್ಷದ ಮಕ್ಕಳೂ ಇದನ್ನು ಸೋತು ಸೋತು ಕಲಿಯುತ್ತಾರೆ.

ಕಾಲ್ಪನಿಕ ಗುಹೆಗಳನ್ನು ಬಿಟ್ಟು ಇಂಥ ತಂಡವೊಂದನ್ನು ನಿಜದ ನೆಲದಲ್ಲಿ ಕಾಣಬೇಕಿದ್ದರೆ ದೂರ ಹೋಗಬೇಕಿಲ್ಲ. ಕೇರಳದ್ದೇ ಆದ ವಯನಾಡಿನ ಪನಮರಂ ಇದೆ. ಅಲ್ಲಿ 1802ರ ಅಕ್ಟೋಬರ್ 11ರಂದು ನಡೆದುದನ್ನು ವಿಲಿಯಂ ಲೋಗನ್ ತನ್ನ ‘ಮಲಬಾರ್ ಮ್ಯಾನ್ಯುಯಲ್’ ಗ್ರಂಥದಲ್ಲಿ ವಿವರಿಸಿದ್ದಾನೆ. ಪಳಶ್ಶಿ ರಾಜನ ಸೇನಾನಿ ಎಡಚ್ಚೇನ ಕುಂಕನ್ ಒಂದು ಮನೆಯಲ್ಲಿದ್ದಾಗ ಕಂಪೆನಿಯ ಜವಾನನೊಬ್ಬ ಬಂದು ಕುರಿಚ್ಯನೊಬ್ಬನಲ್ಲಿ ಭತ್ತ ಕೊಡೆಂದು ಒತ್ತಾಯಿಸಿದ. ಕುಂಕನ್ ಆ ಜವಾನನನ್ನು ಕೊಂದ. ಇನ್ನು ತಮಗೆ ಉಳಿಗಾಲವಿಲ್ಲವೆಂದು ತಿಳಿದ ಸುತ್ತಲಿನ ಕುರಿಚ್ಯರು ತಲಕ್ಕಲ್ ಚಂದುವಿನ ನೇತೃತ್ವದಲ್ಲಿ ಕುಂಕನ್‌ನ ಜೊತೆ ಸೇರಿದರು. ತಂಡ ಹುಟ್ಟಿದ್ದು ಹೀಗೆ, ಸ್ನೇಹದಿಂದಲ್ಲ, ಒಂದೇ ಅಪಾಯ ಇಬ್ಬರ ಬಾಗಿಲಿಗೂ ಬಂದುದರಿಂದ.

ಪನಮರಂನಲ್ಲಿ ಕಂಪೆನಿಯ 70 ಸಿಪಾಯಿಗಳ ಠಾಣೆಯಿತ್ತು. ಕ್ಯಾಪ್ಟನ್ ಡಿಕೆನ್ಸನ್ ಮತ್ತು ಲೆಫ್ಟಿನೆಂಟ್ ಮ್ಯಾಕ್ಸ್‌ವೆಲ್ ಅದರ ಅಧಿಕಾರಿಗಳು. ದಾಳಿಯಿಟ್ಟವರು ಸುಮಾರು 150 ಬಿಲ್ಲುಗಾರರು. ಅಂದಿನ ಬಂದೂಕನ್ನು ಒಮ್ಮೆ ಹಾರಿಸಿದರೆ ಮತ್ತೆ ತುಂಬಲು ಕಾಲು ನಿಮಿಷವಾದರೂ ಬೇಕು. ಬಾಣಕ್ಕೆ ಸದ್ದೂ ಇಲ್ಲ, ಆ ವಿರಾಮವೂ ಇಲ್ಲ. ಆದರೆ ಎಚ್ಚೆತ್ತು ಸಾಲುಗಟ್ಟಿದ ಬಂದೂಕುಗಳ ಮುಂದೆ ಬಯಲಿನಲ್ಲಿ ನಿಂತ ಬಿಲ್ಲುಗಾರ ಉಳಿಯಲಾರ. ಆದುದರಿಂದ ಮೊದಲ ಕೆಲಸ ಕಾವಲುಗಾರನದು: ಅವನ ಬಂದೂಕನ್ನು ಕಸಿದು ಬಾಣಗಳಿಂದ ಅವನನ್ನು ಮುಗಿಸಿದರು. ಸಿಪಾಯಿಗಳು ಸಾಲುಗಟ್ಟುವ ಮೊದಲೇ ಠಾಣೆ ಉರುಳಿತು, ಅಧಿಕಾರಿಗಳಿಬ್ಬರೂ ಸತ್ತರು. 112 ಬಂದೂಕು, ಆರು ಪೆಟ್ಟಿಗೆ ಮದ್ದುಗುಂಡು ಮತ್ತು 6,000 ರೂಪಾಯಿ ಕೈಸೇರಿದವು. ಆಟಗಳಲ್ಲಿ ಯುದ್ಧ ಗೆದ್ದ ಬಳಿಕ ಪೆಟ್ಟಿಗೆ ತೆರೆಯುವ ಪದ್ಧತಿ ಏಕೆ ಬಂತೆಂದು ಇದರಿಂದ ತಿಳಿಯುತ್ತದೆ. ಇಷ್ಟಾಗುವಾಗ ಕೆಲವೇ ಮೈಲಿ ದೂರದ ಪುಳಿಞ್ಞಾಲ್‌ನಲ್ಲಿ ಮೇಜರ್ ಡ್ರಮಂಡ್ 360 ಮಂದಿಯೊಡನೆ ಇದ್ದ, ಅವನು ಕದಲಲಿಲ್ಲ. ಕದಲದ ಜೊತೆಗಾರನನ್ನು ಯಾವ ಅಂಕವೂ ಸರಿಪಡಿಸಲಾರದು. ಅಲ್ಲಿಂದ ಕುಂಕನ್ ಪುಲ್ಪಳ್ಳಿಯ ಗುಡಿಗೆ ಹೋಗಿ ವಯನಾಡಿಗೆಲ್ಲ ಕರೆ ಕಳುಹಿಸಿದ. 3,000 ಮಂದಿ ಸೇರಿದರು.

ಕಂಪೆನಿಯೂ ಕಲಿಯಿತು. ಒಂದೇ ಅಚ್ಚಿನ ಸಿಪಾಯಿಗಳಿಂದ ಈ ಕಾಡು ಗೆಲ್ಲಲಾಗದೆಂದು ಕಂಡ ಮೇಲೆ ಕ್ಯಾಪ್ಟನ್ ವ್ಯಾಟ್ಸನ್ 1,200 ಸ್ಥಳೀಯ ಕೋಲ್ಕಾರರ ಪಡೆಯನ್ನು ಕಟ್ಟಿದ. ಸಬ್ ಕಲೆಕ್ಟರ್ ಬೇಬರ್ ಕೂಡ ಊರವರಿಂದ ಸುದ್ದಿ ಸಂಗ್ರಹಿಸಿ ಬೆನ್ನಟ್ಟಿದ. 1805ರ ನವೆಂಬರಿನಲ್ಲಿ ಚಂದು ಸೆರೆಸಿಕ್ಕಿ ಕೊಲ್ಲಲ್ಪಟ್ಟ. ಅದೇ ತಿಂಗಳ 30ರಂದು ಪುಲ್ಪಳ್ಳಿಯ ಬಳಿಯ ತೊರೆಯೊಂದರ ದಡದಲ್ಲಿ ಪಳಶ್ಶಿ ರಾಜನ ಅಂತ್ಯವಾಯಿತು. ಅವನ ಸಮಾಧಿ ಮಾನಂತವಾಡಿಯಲ್ಲಿದೆ, ಚಂದುವಿನ ಸ್ಮಾರಕ ಪನಮರಂನಲ್ಲಿದೆ. ಆಟದಲ್ಲಾದರೆ ಪುರೋಹಿತ ಮಂತ್ರ ಹೇಳಿ ಸತ್ತವನನ್ನು ಎಬ್ಬಿಸುತ್ತಾನೆ.

ಈ ಇತಿಹಾಸವನ್ನು ಆಟದ ಕಣ್ಣಿನಿಂದ ಓದುವ ಹುಡುಗನಿಗೆ ಒಂದು ಮಾತು ಸುಲಭವಾಗಿ ಹೊಳೆಯುತ್ತದೆ: ಕುರಿಚ್ಯರೆಂದರೆ ಹುಟ್ಟಾ ಬಿಲ್ಲುಗಾರರು. ಏಕೆಂದರೆ ಆಟ ಅವನಿಗೆ ಕಲಿಸಿದ್ದೂ ಅದನ್ನೇ. ಎಲ್ಫ್ ಕುಲದಲ್ಲಿ ಹುಟ್ಟಿದವನಿಗೆ ಚುರುಕಿನಲ್ಲಿ ಎರಡು ಅಂಕ ಹೆಚ್ಚು, ಡ್ವಾರ್ಫ್ ಆದರೆ ದೇಹದಾರ್ಢ್ಯದಲ್ಲಿ ಎರಡು. ಹಂಚಿಕೊಳ್ಳಲು ಕೊಟ್ಟ 27 ಅಂಕಗಳಿಗಿಂತ ಹೊರಗೆ, ದುಡಿಯದೆ ಬಂದ ಅಂಕಗಳಿವು. ದಶಕಗಳ ಕಾಲ ಯಾರಿಗೂ ಇದು ವಿಚಿತ್ರವೆನಿಸಲಿಲ್ಲ. ಆದರೆ ಪನಮರಂನ ಚಂದುವನ್ನು ಈ ಹಾಳೆಯಲ್ಲಿ ಬರೆದು ನೋಡಿದರೆ ಕೊರತೆ ಕಾಣುತ್ತದೆ. 150 ಮಂದಿ ಅವನ ಮಾತಿಗೆ ಪ್ರಾಣ ಕೊಡಲು ಹೊರಟಿದ್ದರು. ಅದು ಚುರುಕಲ್ಲ, ವರ್ಚಸ್ಸು. ಬಂದೂಕಿನ ಠಾಣೆಯನ್ನು ಬಿಲ್ಲಿನಿಂದ ಹೇಗೆ ಹಿಡಿಯಬಹುದೆಂಬ ಯೋಚನೆ ಬುದ್ಧಿ. ‘ಬಿಲ್ಲುಗಾರ’ ಎಂಬ ಮೆಚ್ಚುಗೆಯ ಚೀಟಿ ಅಂಟಿಸಿದೊಡನೆ ಈ ಎರಡೂ ಮರೆಯಾಗುತ್ತವೆ. ಹೊಗಳಿಕೆಯಿಂದಲೂ ಒಬ್ಬನನ್ನು ಕಿರಿದಾಗಿಸಬಹುದು.

ಹುಟ್ಟಿನಿಂದ ಗುಣವನ್ನು ನಿರ್ಧರಿಸುವ ಹಾಳೆಯನ್ನು ಆಟಕ್ಕಿಂತ ನೂರು ವರ್ಷ ಮೊದಲೇ ಕಾನೂನು ಬರೆದಿತ್ತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯಡಿ ಒಂದು ಇಡೀ ಸಮುದಾಯವನ್ನು ಅಪರಾಧಿ ಎಂದು ಘೋಷಿಸಬಹುದಿತ್ತು. ಅದರಲ್ಲಿ ಹುಟ್ಟಿದ ಮಗು ಏನೂ ಮಾಡದೆಯೇ ಪಟ್ಟಿಗೆ ಸೇರುತ್ತಿತ್ತು. 1911ರ ಕಾಯಿದೆ ಅದನ್ನು ಮದರಾಸು ಪ್ರಾಂತ್ಯಕ್ಕೂ ತಂದಿತು. ರದ್ದಾದುದು ಸ್ವಾತಂತ್ರ್ಯ ಬಂದು ಐದು ವರ್ಷಗಳ ಬಳಿಕ, 1952ರಲ್ಲಿ. ಅಷ್ಟಕ್ಕೇ ಮುಗಿಯಲಿಲ್ಲ. ಹಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ಅಡುಗೆ ಯಾವ ಜಾತಿಯ ಕೈದಿಗೆ, ಗುಡಿಸುವ ಕೆಲಸ ಯಾವ ಜಾತಿಗೆ ಎಂದು ಬರೆದಿತ್ತು. ಸುಕನ್ಯಾ ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅವನ್ನು ಅಸಿಂಧುಗೊಳಿಸಿದ್ದು 2024ರ ಅಕ್ಟೋಬರ್ 3ರಂದು. ಕುತೂಹಲವೆಂದರೆ ಆಟದವರೂ ಹೆಚ್ಚುಕಡಿಮೆ ಇದೇ ಹೊತ್ತಿಗೆ ಎಚ್ಚೆತ್ತರು. ಜನ್ಮದ ಅಂಕಗಳನ್ನು ಆಟಗಾರ ತನ್ನಿಷ್ಟದ ಗುಣಕ್ಕೆ ಹಾಕಿಕೊಳ್ಳಲು 2020ರಲ್ಲಿ ಅವಕಾಶ ಕೊಟ್ಟರು. 2024ರ ಹೊಸ ಕೈಪಿಡಿಯಲ್ಲಿ ಆ ಅಂಕಗಳನ್ನು ಹುಟ್ಟಿನಿಂದ ಬಿಡಿಸಿ, ಪಾತ್ರ ಬೆಳೆದ ಹಿನ್ನೆಲೆಗೂ ಕಸುಬಿಗೂ ಜೋಡಿಸಿದರು.

ಪರಿಶಿಷ್ಟ ಪಂಗಡದವರು ಶೇಕಡಾ 18.5ರಷ್ಟಿರುವ (2011ರ ಜನಗಣತಿ) ವಯನಾಡಿನಲ್ಲಿ ಇದು ಬರಿಯ ಆಟದ ಮಾತಲ್ಲ. ಕಾಟುನಾಯ್ಕರ ಮನೆಮಾತು ಕನ್ನಡಕ್ಕೆ ಬಲು ಹತ್ತಿರ. ಆ ಮಗು ಮಲಯಾಳದ ಒಂದನೆಯ ತರಗತಿಯಲ್ಲಿ ಬಾಯಿ ತೆರೆಯದೆ ಕುಳಿತರೆ ‘ಬುದ್ಧಿ: 8’ ಎಂದು ಬರೆದುಬಿಡುವುದು ಸುಲಭ. ಅಲ್ಲಿ ಕಡಿಮೆಯಾಗಿರುವುದು ಬುದ್ಧಿಯಲ್ಲ, ತಂಡದಲ್ಲಿ ಭಾಷೆ ಬಲ್ಲ ಒಬ್ಬ ಜೊತೆಗಾರ. 2017ರಲ್ಲಿ ಕೇರಳ ಸರಕಾರ ವಯನಾಡಿನ ಪ್ರಾಥಮಿಕ ಶಾಲೆಗಳಿಗೆ ಬುಡಕಟ್ಟು ಸಮುದಾಯದಿಂದಲೇ ಶಿಕ್ಷಕರನ್ನು ನೇಮಿಸಿದ ‘ಗೋತ್ರಬಂಧು’ ಯೋಜನೆ ಈ ಕೊರತೆಯನ್ನು ತುಂಬಲೆಂದೇ ಬಂದುದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆನ್ನುವ ಸಂವಿಧಾನದ 350ಎ ವಿಧಿ ಗಡಿನಾಡಿನ ಕನ್ನಡ ಮನೆಗಳಿಗೆ ಚಿರಪರಿಚಿತ. ‘ಕನ್ನಡ ಮಾಧ್ಯಮದವನು’ ಎಂಬ ಚೀಟಿಯ ಭಾರವೂ ಅವರಿಗೆ ಗೊತ್ತು. ಅದೇ ಮನೆಯಲ್ಲಿ ಇನ್ನೊಂದು ಮಗುವಿಗೆ ಇನ್ನೊಂದು ಚೀಟಿ ಅಂಟದಂತೆ ನೋಡಿಕೊಳ್ಳುವುದು ಅಷ್ಟೇನೂ ಕಷ್ಟವಾಗಬಾರದು.

ನಡುವೆ ಒಂದು ಕಾನೂನಿನ ಮಾತು. ಫೋನಿನಲ್ಲಿ ಬರುವ ‘ಗೆನ್‌ಶಿನ್ ಇಂಪ್ಯಾಕ್ಟ್’ನಂಥ ಆಟಗಳಲ್ಲಿಯೂ ನಾಲ್ವರ ತಂಡವಿದೆ, ಆದರೆ ಅಲ್ಲಿ ಹೊಸ ಪಾತ್ರ ಸಿಗುವುದು ಬಹುಮಟ್ಟಿಗೆ ಅದೃಷ್ಟದ ಚೀಟಿಯಿಂದ, ಚೀಟಿಗೆ ಹಣವನ್ನೂ ತೆರಬಹುದು. ಇಂಥ ಚೀಟಿಪೆಟ್ಟಿಗೆಗಳಲ್ಲಿ ಕೆಲವನ್ನು ಬೆಲ್ಜಿಯಂ 2018ರಲ್ಲಿ ಜೂಜೆಂದೇ ಪರಿಗಣಿಸಿತು. ನಮ್ಮಲ್ಲಿ 1872ರ ಕರಾರು ಕಾಯಿದೆಯ 11ನೆಯ ಸೆಕ್ಷನ್ ಪ್ರಕಾರ ಅಪ್ರಾಪ್ತ ವಯಸ್ಕ ಕರಾರಿಗೆ ಅರ್ಹನಲ್ಲ. ಆದರೆ ಅಪ್ಪನ ಫೋನಿನಿಂದ ಅಪ್ಪನ ರಹಸ್ಯ ಸಂಖ್ಯೆ ಒತ್ತಿ ಹೋದ ಹಣವನ್ನು ಈ ಸೆಕ್ಷನ್ ಹಿಡಿದು ಮರಳಿ ತರುವುದು ಅಷ್ಟು ಸರಳವಲ್ಲ. ರಹಸ್ಯ ಸಂಖ್ಯೆಯನ್ನು ರಹಸ್ಯವಾಗಿಡುವುದೇ ಅಗ್ಗದ ಪರಿಹಾರ.

ಹುಟ್ಟಿನ ಅಂಕಗಳಿಗೆ ವಯನಾಡಿನ ಕುರಿಚ್ಯರ ಮನೆಗಳಿಂದಲೇ ಎರಡು ಉತ್ತರಗಳು ಬಂದಿವೆ. ಪೊಳುತನದ ಶ್ರೀಧನ್ಯಾ ಸುರೇಶ್ 2018ರ ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿ 410ನೆಯ ಸ್ಥಾನ ಪಡೆದು ಐಎಎಸ್ ಸೇರಿದರು. ಕೇರಳದ ಬುಡಕಟ್ಟು ಸಮುದಾಯದ ಮಹಿಳೆಯರಲ್ಲಿ ಅವರೇ ಮೊದಲಿಗರು. ಮಾನಂತವಾಡಿಯ ಬಳಿಯ ಮಿನ್ನು ಮಣಿ ಗದ್ದೆಯಲ್ಲಿ ಹುಡುಗರೊಡನೆ ಆಡುತ್ತ ಕ್ರಿಕೆಟ್ ಕಲಿತವರು. ಬಲಗೈಯಲ್ಲಿ ಆಫ್ ಸ್ಪಿನ್ ಬೌಲಿಂಗ್, ಎಡಗೈಯಲ್ಲಿ ಬ್ಯಾಟಿಂಗ್. 2023ರ ಜುಲೈ 9ರಂದು ಬಾಂಗ್ಲಾದೇಶದ ಮೀರ್‌ಪುರದಲ್ಲಿ ಭಾರತ ತಂಡಕ್ಕೆ ಕಾಲಿಟ್ಟು ತನ್ನ ಮೊದಲ ಓವರಿನಲ್ಲೇ ವಿಕೆಟ್ ಪಡೆದರು. ಆ ತಂಡದಲ್ಲಿ ಅವರ ಕೆಲಸ ಬಿಲ್ಲಿನದಲ್ಲ: ಮಧ್ಯದ ಓವರುಗಳಲ್ಲಿ ರನ್ ಬಿಗಿಹಿಡಿಯುವುದು, ಬೇಕಾದಾಗ ಕೆಳಗಿನ ಕ್ರಮಾಂಕದಲ್ಲಿ ಬ್ಯಾಟು ಬೀಸುವುದು. ಆ ತಿಂಗಳೇ ಮಾನಂತವಾಡಿ ನಗರಸಭೆ ಊರಿನ ಮೈಸೂರು ರಸ್ತೆ ಜಂಕ್ಷನ್ನಿಗೆ ಮಿನ್ನು ಮಣಿ ಜಂಕ್ಷನ್ ಎಂದು ಹೆಸರಿಟ್ಟಿತು.