ಎಂಆರ್‌ಐನಲ್ಲಿ ಏನೂ ಇಲ್ಲವಂತೆ

ಮದುವೆಯೂಟದಲ್ಲಿ ಪಕ್ಕದ ಎಲೆಗೆ ಕೂತಿದ್ದ ನೆಂಟರೊಬ್ಬರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಲೇ ತೀರ್ಪು ಕೊಟ್ಟರು: "ಹುಡುಗಿಗೆ ಎಂಆರ್‌ಐ ಮಾಡಿಸಿದ್ರಂತೆ, ಏನೂ ಇಲ್ವಂತೆ. ಮತ್ಯಾಕೆ ಫಿಟ್ಸ್ ಮಾತ್ರೆ ನುಂಗಿಸ್ತಾರೋ!"

ಹುಡುಗಿಗೆ ಬಂದದ್ದು ಫಿಟ್ಸ್ ಹೌದೋ ಅಲ್ಲವೋ ಎಂಬುದು ಒಂದು ಪ್ರಶ್ನೆ. ಯಾಕೆ ಬಂತು ಎಂಬುದು ಇನ್ನೊಂದು. ಎಂಆರ್‌ಐ ಉತ್ತರ ಕೊಡುವುದು ಎರಡನೆಯದಕ್ಕೆ, ಅದೂ ಕೆಲವು ಸಲ. ಮೊದಲನೆಯದಕ್ಕೆ ಬೇಕಾದದ್ದು ಕಣ್ಣಾರೆ ಕಂಡವರ ಮಾತು: ಕಣ್ಣು ಯಾವ ಕಡೆ ಹೊರಳಿತು, ಯಾವ ಕೈ ಮೊದಲು ಸೆಳೆಯಿತು, ಮಾತು ಬರಲು ಎಷ್ಟು ಹೊತ್ತಾಯಿತು.

ನಮ್ಮ ಹಳೇ ಮೈಸೂರು ಸೀಮೆಯ ಬಿಸಿನೀರಿನ ಅಪಸ್ಮಾರವನ್ನೇ ನೋಡಿ. ಹಂಡೆಯ ಬಿಸಿನೀರನ್ನು ಚೊಂಬಿನಲ್ಲಿ ತಲೆಗೆ ಸುರಿದುಕೊಳ್ಳುತ್ತಿರುವಾಗಲೇ ಎಚ್ಚರ ತಪ್ಪುತ್ತದೆ. ಜಗತ್ತಿನ ಬಹುಭಾಗದಲ್ಲಿ ಅಪರೂಪವಾದ ಇದು, ಡಾ. ಕೆ. ಎಸ್. ಮಣಿ ಅವರ ತಂಡ ಯಳಂದೂರು ಕಡೆ ಮನೆಮನೆ ಸುತ್ತಿದಾಗ ಧಾರಾಳವಾಗಿ ಸಿಕ್ಕಿತು. ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ವರ್ಷಗಟ್ಟಲೆ ಇದರ ಬೆನ್ನು ಹತ್ತಿದರು. ಈ ರೋಗಿಗಳಲ್ಲಿ ಹೆಚ್ಚಿನವರ ಎಂಆರ್‌ಐ ನಾರ್ಮಲ್! ರೋಗ ಗೊತ್ತಾಗುವುದು ಬಚ್ಚಲಿನ ಕಥೆ ಕೇಳಿ. ಮದ್ದಿನ ಮೊದಲ ಪಾಠ ಉಗುರುಬೆಚ್ಚಗಿನ ನೀರು. (ದೀಪಾವಳಿಯ ಎಣ್ಣೆಸ್ನಾನದ ದಿನ ಇದನ್ನು ಅಜ್ಜಿಗೆ ಒಪ್ಪಿಸುವುದು ನರತಜ್ಞರ ಕೈಲೂ ಆಗದ ಕೆಲಸ.)

ಆದರೆ "ಎಲ್ಲರಿಗೂ ಒಮ್ಮೆ ಎಂಆರ್‌ಐ ಆಗಲೇಬೇಕು" ಎನ್ನುವ ವೈದ್ಯರ ಮಾತಿಗೆ ತೂಕವಿದೆ. 1980ರ ದಶಕದಲ್ಲಿ ಸಿಟಿ ಸ್ಕ್ಯಾನ್ ಬಂದಾಗ, ಫಿಟ್ಸ್ ಬಂದ ಎಷ್ಟೋ ಭಾರತೀಯರ ಮೆದುಳಿನಲ್ಲಿ ಉಂಗುರದಂಥ ಪುಟ್ಟ ಗಂಟು ಕಂಡಿತು. ಕ್ಷಯವೇ ಇರಬೇಕೆಂದು ತಿಂಗಳುಗಟ್ಟಲೆ ಟಿಬಿ ಮಾತ್ರೆ ಕೊಟ್ಟರು. ವೆಲ್ಲೂರಿನ ವೈದ್ಯರಾದ ಚಾಂಡಿ, ರಾಜಶೇಖರ್ ಮೊದಲಾದವರು ಕೆಲವು ಗಂಟುಗಳನ್ನು ತೆಗೆದು ಪರೀಕ್ಷಿಸಿದರೆ, ಹೆಚ್ಚಿನವು ಲಾಡಿಹುಳುವಿನ ಮರಿ ಮಾಡಿದ ಗಂಟುಗಳು. ಹಂದಿಮಾಂಸ ಮುಟ್ಟದವರು ಇದನ್ನು ಕೇಳಿ ಸಿಟ್ಟಾಗುತ್ತಾರೆ. ಮಾಂಸದಿಂದ ಬರುವುದು ಹೊಟ್ಟೆಯ ಹುಳು. ಮೆದುಳಿಗೇರುವುದು ಆ ಹುಳುವಿರುವವರ ಮಲದಲ್ಲಿನ ಮೊಟ್ಟೆ. ತೊಳೆಯದ ಕೈ, ಹಸಿ ಸೊಪ್ಪು ಸಾಕು, ಮಡಿವಂತರಿಗೂ ವಿನಾಯಿತಿಯಿಲ್ಲ. ಇಂದು ಎಂಆರ್‌ಐ ಒಮ್ಮೊಮ್ಮೆ ಆ ಹುಳುವಿನ ತಲೆಯನ್ನೇ ತೋರಿಸುತ್ತದೆ.

ಮಾತ್ರೆಗೆ ಬಗ್ಗದ ಫಿಟ್ಸ್‌ನಲ್ಲಂತೂ ಈ ಚಿತ್ರ ಬದುಕನ್ನೇ ಬದಲಿಸಬಲ್ಲದು. ಕಿವಿಯ ಮೇಲ್ಬದಿಯ ಟೆಂಪೊರಲ್ ಭಾಗದಿಂದ ಹೊರಡುವ ಫಿಟ್ಸ್‌ಗೆ ಶಸ್ತ್ರಚಿಕಿತ್ಸೆ ಮಾಡಿದರೆ ಏನಾಗುತ್ತದೆಂದು ಕೆನಡಾದಲ್ಲಿ ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದರು: ವರ್ಷದ ಕೊನೆಗೆ ಎಚ್ಚರ ತಪ್ಪಿಸುವ ಫಿಟ್ಸ್ ನಿಂತದ್ದು ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇ. 58 ಮಂದಿಗೆ, ಬರೀ ಮಾತ್ರೆಯ ಗುಂಪಿನಲ್ಲಿ ಶೇ. 8 ಮಂದಿಗೆ. ಆ ಟೆಂಪೊರಲ್ ಭಾಗದೊಳಗಿನ ಹಿಪ್ಪೊಕ್ಯಾಂಪಸ್ ಸುಕ್ಕುಗಟ್ಟಿರುವುದನ್ನು ಮೊದಲೇ ತೋರಿಸಿಕೊಡುವುದು ಎಂಆರ್‌ಐ.

ಆದರೆ ಯಾವ ಎಂಆರ್‌ಐ? ನನ್ನ ತಕರಾರು ಇರುವುದು ಇಲ್ಲಿ. ಜರ್ಮನಿಯ ಬಾನ್‌ನಲ್ಲಿ ಮಾಡಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾಮೂಲಿ ಎಂಆರ್‌ಐ ನೋಡಿದ ಸಾಮಾನ್ಯ ರೇಡಿಯಾಲಜಿಸ್ಟರಿಗೆ ಮೆದುಳಿನ ದೋಷಗಳಲ್ಲಿ ಕಂಡದ್ದು ಶೇ. 39. ಅದೇ ಚಿತ್ರ ಅಪಸ್ಮಾರ ತಜ್ಞರ ಕಣ್ಣಿಗೆ ಬಿದ್ದಾಗ ಶೇ. 50. ಅಪಸ್ಮಾರಕ್ಕೆಂದೇ ತೆಗೆದ ಚಿತ್ರಗಳಲ್ಲಿ ಶೇ. 91! ಇಷ್ಟು ವ್ಯತ್ಯಾಸವಿರುವಾಗ, 'ನಾರ್ಮಲ್' ಎಂಬ ಒಂದೇ ಪದ ಹಿಡಿದು ಹುಡುಗಿ ನಾಟಕವಾಡುತ್ತಿದ್ದಾಳೆ ಎನ್ನುವುದು ಬರೀ ಅಜ್ಞಾನವಲ್ಲ, ಕ್ರೌರ್ಯ.

ಚೀಟಿಯಲ್ಲಿ 'ಬ್ರೈನ್ ಎಂಆರ್‌ಐ' ಎಂದಷ್ಟೇ ಇದ್ದರೆ, ಸ್ಕ್ಯಾನ್ ಸೆಂಟರಿನವರು ಸಾಮಾನ್ಯವಾಗಿ ತಲೆನೋವಿಗೂ ಫಿಟ್ಸಿಗೂ ಒಂದೇ ಬಗೆಯ ಚಿತ್ರ ತೆಗೆಯುತ್ತಾರೆ. 'ಎಪಿಲೆಪ್ಸಿ ಪ್ರೋಟೊಕಾಲ್' ಎಂದು ಬರೆದರೆ ತೆಳುವಾದ ಪದರಗಳಲ್ಲಿ ತೆಗೆಯುತ್ತಾರೆ. ಅದರ ಕೆಳಗೆ, ಎಡಗೈಯಿಂದ ಶುರುವಾಯಿತು ಎಂಬಂಥ ಒಂದು ಸಾಲಿದ್ದರೆ ಚಿತ್ರ ಓದುವವರಿಗೆ ಎಲ್ಲಿ ಹುಡುಕಬೇಕೆಂದು ತಿಳಿಯುತ್ತದೆ. ಆ ಸಾಲನ್ನು ಹೇಳಬಲ್ಲವಳು ಆ ಹೊತ್ತಿನಲ್ಲಿ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ತಾಯಿ.